ಅರವತ್ತೊಂದನೆಯ ನಂಬರಿನ ಹುಡುಗಿ

ಜೀವಮಾನದಲ್ಲಿ ನಾನು ಸಂಬಳಕ್ಕೆ ದುಡಿದದ್ದು ಒಂಬತ್ತೂವರೆ ತಿಂಗಳು ಮಾತ್ರ. 1946ರ ಜೂನ್‌ನಿಂದ ಮರುವರ್ಷದ ಮಾರ್ಚ್ ನಡುವಿನವರೆಗೆ ಬಿಜಾಪುರದ ಹತ್ತಿರದ ತಿಕೋಟಾದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಬದಲಿ ಶಿಕ್ಷಕಿಯಾಗಿದ್ದೆ. ಆ ಶಾಲೆಯಾಗಲಿ ಅದರ ಕಟ್ಟಡವಾಗಲಿ ಈಗ ಇಲ್ಲ. ನಮ್ಮವರು ಆಗ ಊರಿನ ದವಾಖಾನೆಯಲ್ಲಿ ಕಂಪೌಂಡರ್. ಶಾಲೆಯ ಕಾಯಂ ಶಿಕ್ಷಕಿ ಬಾಣಂತನಕ್ಕೆ ತವರಿಗೆ ಹೋಗಿದ್ದರು. ಶಾಲೆಯವರನ್ನು ಬಿಟ್ಟರೆ ಊರಿನಲ್ಲಿ ಮ್ಯಾಟ್ರಿಕ್ ಮುಟ್ಟಿದ ಹೆಂಗಸು ನಾನೊಬ್ಬಳೇ ಆದ್ದರಿಂದ, ಟ್ರೇನಿಂಗ್ ಆಗಿಲ್ಲದಿದ್ದರೂ ನನ್ನನ್ನೇ ಕರೆದರು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ನಮ್ಮ ವರ್ಗದಲ್ಲಿ ಇಪ್ಪತ್ತೆರಡು ಹುಡುಗಿಯರು. ಯಾರ ರಿಬ್ಬನ್ ಮಾಸಿದೆ, ಯಾರು ಬೆಳಿಗ್ಗೆ ಉಂಡು ಬಂದಿಲ್ಲ ಎಂಬುದು ಸಿಸ್ಟರ್‌ಗೆ ಬಾಗಿಲಲ್ಲೇ ಗೊತ್ತಾಗುತ್ತಿತ್ತು. ಶಾಲೆ ಎಂದರೆ ಹಾಗೆಯೇ ಇರುತ್ತದೆ ಎಂದು ತಿಳಿದುಕೊಂಡು ತಿಕೋಟಾದ ಶಾಲೆಯ ಹೊಸ್ತಿಲು ದಾಟಿದೆ. ಒಳಗೆ ಎಂಬತ್ತೇಳು ಹುಡುಗಿಯರು ನೆಲದ ಮೇಲೆ ಮೊಣಕಾಲಿಗೆ ಮೊಣಕಾಲು ತಗುಲಿಸಿ ಕೂತಿದ್ದರು. ಹಿಂದಿನ ಮಳೆಗಾಲದಲ್ಲಿ ಪಕ್ಕದ ಕೋಣೆಯ ಮಣ್ಣಿನ ಗೋಡೆ ಕುಸಿದಿತ್ತು. ಅಂದಿನಿಂದ ಅಕ್ಷರ ಕಲಿಸುವ ಬಿಗರಿ ವರ್ಗ ಮತ್ತು ಒಂದನೆಯ ಇಯತ್ತೆ ಎರಡೂ ಒಂದೇ ಕೋಣೆಗೆ, ಒಬ್ಬಳೇ ಶಿಕ್ಷಕಿಯ ಕೈಗೆ ಬಂದಿದ್ದವು. ಮೇಲಿನ ಇಯತ್ತೆಗಳನ್ನು ಹೆಡ್‌ಮಿಸ್ಟ್ರೆಸ್ ಕೃಷ್ಣಾಬಾಯಿಯವರು ಪಡಸಾಲೆಯಲ್ಲಿ ನಡೆಸುತ್ತಿದ್ದರು.

ಮೊದಲ ದಿನ ಹೆಸರು ಕೂಗಿ ಹಾಜರಿ ಹಿಡಿದೆ. ಮುಗಿಯುವ ಹೊತ್ತಿಗೆ ಮುಂದಿನ ಸಾಲಿನ ಇಬ್ಬರು ತೂಕಡಿಸುತ್ತಿದ್ದರು. ಕೃಷ್ಣಾಬಾಯಿಯವರು ಬಾಗಿಲಲ್ಲಿ ನಿಂತು ನಕ್ಕರು.

"ಹೆಸರು ಕೂಗ್ಕೋತ ಕೂತ್ರ ಊಟದ ಹೊತ್ತಾಗ್ತದ. ನಂಬರ್ ಕೊಟ್‌ಬಿಡ್ರಿ. ನಿಮ್ಮ ಕಾನ್ವೆಂಟಿನ ಮೇಣದಬತ್ತಿ ಈ ಗಾಳಿಗೆ ತಡ್ಯಂಗಿಲ್ಲ."

ನಂಬರ್ ಕೊಟ್ಟೆ. ಶಾಲೆಯ ಇನ್ನೊಂದು ಪದ್ಧತಿಯನ್ನೂ ಹಾಗೆಯೇ ಉಳಿಸಿಕೊಂಡೆ. ಸರಿಯಾಗಿ ಉತ್ತರ ಹೇಳಿದವಳು ಎದ್ದು ಒಂದು ಸಾಲು ಮುಂದೆ ಬರಬೇಕು, ತಪ್ಪಿದವಳು ಹಿಂದೆ ಹೋಗಬೇಕು. ಇದಕ್ಕೆ 'ಮ್ಯಾಲ ಹೋಗೋದು' ಎನ್ನುತ್ತಿದ್ದರು. ಹುಡುಗಿಯರಿಗೆ ಅದೊಂದು ಆಟ. ನನಗೂ ಅನುಕೂಲವಾಗಿತ್ತು, ಏಕೆಂದರೆ ತಿಂಗಳೊಳಗೆ ಬಲ್ಲವರೆಲ್ಲ ನನ್ನ ಕಣ್ಣೆದುರಿಗೆ ಬಂದಿದ್ದರು. ಉಳಿದವರು ಹಿಂದಿನ ಗೋಡೆಯ ಕತ್ತಲಿಗೆ ಸೇರಿದ್ದರು. ಮಗ್ಗಿ, ಕಾಗುಣಿತ ಎಲ್ಲವನ್ನೂ ಒಟ್ಟಿಗೆ ಕೂಗಿ ಹೇಳಿಸುತ್ತಿದ್ದೆ. ಸೂರು ಹಾರಿಹೋಗುವಂತೆ ಹೇಳುತ್ತಿದ್ದರು. ಅಷ್ಟು ದನಿಯಲ್ಲಿ ಒಂದು ದನಿ ಕಡಿಮೆಯಿದ್ದರೆ ನನಗೆ ತಿಳಿಯುವುದು ಸಾಧ್ಯವಿರಲಿಲ್ಲ.

ಅರವತ್ತೊಂದನೆಯ ನಂಬರು ಕಲ್ಲವ್ವ. ಹತ್ತು ವರ್ಷದ, ಎತ್ತರದ ಹುಡುಗಿ. ಹಾಜರಿ ಹಿಡಿಯುವಾಗ, ಹಿಂದಿನ ಸಾಲಿನಲ್ಲಿ ಅವಳ ಪಕ್ಕದಲ್ಲೇ ಕೂರುತ್ತಿದ್ದ ಅರವತ್ತನೆಯವಳು ತನ್ನ ಉತ್ತರ ಹೇಳಿ ಮೊಣಕೈಯಿಂದ ಅವಳನ್ನು ತಿವಿಯುತ್ತಿದ್ದಳು. ಆಮೇಲೆ ಇವಳು "ಹಾಜರ್ ಅಕ್ಕೋರ" ಎನ್ನುತ್ತಿದ್ದಳು. ಅದು ತುಂಟತನವೆಂದು ತಿಳಿದು ಎರಡು ಸಲ ಅರವತ್ತನೆಯವಳನ್ನು ಬೈದೆ. ಬೈದ ಮರುದಿನ ಅವಳು ತಿವಿಯಲಿಲ್ಲ. ಆ ದಿನ ಕಲ್ಲವ್ವನಿಗೆ ಗೈರುಹಾಜರಿ ಬಿತ್ತು. ಅದನ್ನು ನಾನು ಪುಸ್ತಕದಲ್ಲಿ ಗುರುತು ಹಾಕಿದೆನೇ ಹೊರತು ತಲೆಯೆತ್ತಿ ನೋಡಲಿಲ್ಲ.

ಪಂಚಮಿಯ ಮುಂದೆ ಬಾವಿಯ ದಾರಿಯಲ್ಲಿ ಅವಳ ತಾಯಿ ಸಂಗವ್ವ ಕೊಡ ಇಳಿಸಿ ನನ್ನನ್ನು ನಿಲ್ಲಿಸಿದಳು. ಹೊಲದಲ್ಲಿ ದುಡಿಯುವ ಹೆಣ್ಣುಮಗಳು, ಅಂಗೈಯೆಲ್ಲ ಬಿರುಕು.

"ನಮ್ಮ ಕಲ್ಲವ್ವ ಹ್ಯಾಂಗ ಓದ್ತಾಳ್ರಿ ಅಕ್ಕೋರ?"

ನನ್ನ ವರ್ಗದಲ್ಲಿ ಕಲ್ಲವ್ವಂದಿರು ಮೂವರಿದ್ದರು. ಯಾವ ಮುಖವೂ ಸರಿಯಾಗಿ ಕಣ್ಣಮುಂದೆ ಬರಲಿಲ್ಲ. ಆದರೂ ಕಾಯುತ್ತ ನಿಂತ ತಾಯಿಗೆ ಹೇಳಿದೆ: "ಛಲೋ ಓದ್ತಾಳವ್ವ."

ಅವಳು ಅಷ್ಟಕ್ಕೇ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಿರೇಮಗಳನ್ನ ಕಾಖಂಡಕಿಗೆ ಕೊಟ್ಟಿದ್ದೆ. ಜಡ್ಡ ಆಗಿ ಹದಿನೈದ ದಿನ ಮಲಗಿದ್ಲಂತ. ಒಂದ ಕಾಗದ ಬರಸಿ ಹಾಕ್ರಿ ಅಂದ್ರ ಗಂಡನ ಮನಿಯಾವ್ರು ನಾಳಿ ನಾಡ್ದು ಅಂದ್ರಂತ. ನನಗ ಸುದ್ದಿ ಬಂದಾಗ ಮಣ್ಣ ಆಗಿತ್ತು. ಇಕಿ ತನ್ನ ಕಾಗದ ತಾನ ಬರೀಬೇಕ್ರಿ. ಮತ್ತೇನೂ ಬ್ಯಾಡ."

ಸೆಪ್ಟೆಂಬರಿನಲ್ಲಿ ಹನ್ನೊಂದು ಜನ ತಾಯಂದಿರು ಒಟ್ಟಾಗಿ ಶಾಲೆಗೆ ಬಂದರು. ಮುಂದೆ ನಿಂತು ಮಾತಾಡಿದವಳು ಬಾಯಿ ಬಿರುಸಿನ ಅಂಗಡಿ ಗೌರವ್ವ.

"ಕುರಿ ಆದ್ರೂ ಸಂಜಿಗೆ ದಡ್ಡಿಗೆ ಬಂದಾಗ ಕುರುಬ ಮಾರಿ ನೋಡಿ ಎಣಸ್ತಾನ್ರಿ. ನೀವು ಮಾರೀನೂ ನೋಡಂಗಿಲ್ಲಂತ, ಖರೇ ಏನು?"

"ಸುಮ್ಕಿರ ಬೇ, ಅಕ್ಕೋರಿಗೆ ಹಂಗನ್ನಬಾರ್ದು," ಎಂದಳು ಸಂಗವ್ವ. ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಬ್ಬ ಅಕ್ಕೋರನ್ನ ಕೊಡ್ರಿ ಅಂತ ಕೇಳಾಕ ಬಂದೇವ್ರಿ. ಗ್ವಾಡಿ ನಾವ ಕಟ್ಟತೀವಿ. ಮಣ್ಣ ಕಲಿಸೂದು ನಮಗ ಬರ್ತೈತಿ," ಎಂದಳು.

ಆ ಮಧ್ಯಾಹ್ನ ನಾನೇ ಅರ್ಜಿ ಬರೆದೆ. ಹನ್ನೊಂದು ಹೆಬ್ಬೆಟ್ಟು ಬಿದ್ದವು. ಅದನ್ನು ಬಿಜಾಪುರದ ಕಚೇರಿಗೆ ಕಳಿಸಿದೆವು. ಖುದ್ದಾಗಿ ತನಿಖೆ ಮಾಡಿ ತೀರ್ಮಾನಿಸಲಾಗುವುದು ಎಂದು ಉತ್ತರ ಬಂತು. ಡಿಸೆಂಬರಿನಲ್ಲಿ ದೀಪೋಟಿಯವರು ಬರುವುದು ಖಚಿತವಾಯಿತು. ಶಾಲೆ ತಪಾಸಣೆ ಮಾಡುವ ಡೆಪ್ಯುಟಿ ಇನ್ಸ್‌ಪೆಕ್ಟರರನ್ನು ನಮ್ಮ ಕಡೆ ಹಾಗೆಯೇ ಕರೆಯುತ್ತಿದ್ದರು.

ಇಲ್ಲಿಂದ ಮುಂದಿನದು ನನ್ನ ತಪ್ಪು. ದೀಪೋಟಿ ಬರುವ ದಿನ ವರ್ಗವನ್ನು ಹೊಸದಾಗಿ ಕೂರಿಸುವ ರೂಢಿ ಅಲ್ಲಿತ್ತು. ಬಲ್ಲ ಹುಡುಗಿಯರನ್ನು ಮುಂದಿನ ಎರಡು ಸಾಲಿಗೆ ತರುವುದು, ಉಳಿದ ಪ್ರತಿ ಸಾಲಿನಲ್ಲಿ ಗಟ್ಟಿ ದನಿಯ ಇಬ್ಬಿಬ್ಬರನ್ನು ಹೊಂದಿಸುವುದು, ಹಿಂದಿನವರಿಗೆ ಬಾಯಿ ಆಡಿಸಲು ಹೇಳಿಕೊಡುವುದು. ಕೃಷ್ಣಾಬಾಯಿಯವರು ಹೇಳಿಕೊಟ್ಟರು, ನಾನು ಎರಡು ವಾರ ತಾಲೀಮು ಮಾಡಿಸಿದೆ. ಶಾಲೆಯ ಮರ್ಯಾದೆ, ನನ್ನ ಮೊದಲ ತಪಾಸಣೆ. ನಾವು ಕೇಳಿದ್ದು ಇನ್ನೊಬ್ಬ ಶಿಕ್ಷಕಿಯನ್ನು, ತೋರಿಸಲು ಹೊರಟದ್ದು ಒಬ್ಬಳೇ ಸಾಕೆಂಬುದನ್ನು. ಇವೆರಡೂ ಕೂಡಿ ಬರುವುದಿಲ್ಲ ಎಂಬುದು ಇಬ್ಬರ ತಲೆಗೂ ಹೊಳೆಯಲಿಲ್ಲ.

ದೀಪೋಟಿಯವರು ಸೌಮ್ಯ ಮನುಷ್ಯ. ಕೋಟಿನ ಮೇಲೆ ದಾರಿಯ ಧೂಳು, ಜೇಬಿನಲ್ಲಿ ಎರಡು ಪೆನ್ನು. ಎಂಟರ ಮಗ್ಗಿ ಕೇಳಿದರು. ಎಂಬತ್ತೇಳು ಬಾಯಿ ಒಂದೇ ಉಸಿರಿಗೆ ತೆರೆದವು. ಮುಂದಿನ ಸಾಲಿನಿಂದ ನಾಲ್ವರನ್ನು ಎಬ್ಬಿಸಿ ಪಾಟಿಯ ಮೇಲೆ ಬರೆಸಿದರು. ಮುತ್ತಿನಂಥ ಅಕ್ಷರ. ಹೊರಡುವಾಗ ಶೇರೆಬುಕ್ಕಿನಲ್ಲಿ, ಅಂದರೆ ಅಭಿಪ್ರಾಯದ ಪುಸ್ತಕದಲ್ಲಿ, ಬರೆದು ನನ್ನ ಕೈಗೆ ಕೊಟ್ಟರು. 'ಒಬ್ಬರೇ ಶಿಕ್ಷಕಿ ಎರಡೂ ವರ್ಗಗಳನ್ನು ಉತ್ತಮವಾಗಿ ನಡೆಸುತ್ತಿದ್ದಾರೆ. ಸದ್ಯಕ್ಕೆ ಹೆಚ್ಚಿನ ಶಿಕ್ಷಕಿಯ ಅವಶ್ಯಕತೆ ಕಾಣುವುದಿಲ್ಲ.'

ಮೊದಲ ಸಾಲು ಓದಿದಾಗ ನನಗೆ ಸಂತೋಷವೇ ಆಯಿತು. ಅದನ್ನು ಇವತ್ತಿಗೂ ಮುಚ್ಚಿಡಲಾರೆ.

ತಾಯಂದಿರು ಕಿಟಕಿಯ ಹೊರಗೆ ನಿಂತು ಎಲ್ಲವನ್ನೂ ನೋಡಿದ್ದರು. ಗೌರವ್ವ ಸೆರಗು ಕೊಡವಿ ಅಂಗಡಿಯ ಕಡೆ ನಡೆದಳು. ಸಂಗವ್ವ ಮಾತ್ರ ಒಳಗೆ ಬಂದಳು.

"ಅಕ್ಕೋರ, ನನ್ನ ಮಗಳು ಬರೇ ಬಾಯಿ ಆಡಸಾಕತ್ತಿದ್ಲು. ದನಿ ಇರ್ಲಿಲ್ಲ. ಎಲ್ಲಾರ್ದೂ ನಿಂತ ಮ್ಯಾಲೂ ಆಕಿ ಬಾಯಿ ನಡದಿತ್ತು."

"ನೋಡಲಿಲ್ಲವ್ವ," ಎಂದೆ.

"ಛಲೋ ಓದ್ತಾಳ ಅಂದಿದ್ರಿ."

ಮರುದಿನ ಮಧ್ಯಾಹ್ನ ಕಲ್ಲವ್ವನನ್ನು ಮನೆಗೆ ಕರೆದೊಯ್ದೆ. ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕೂಗಿದೆ. ಅವಳು ನಮ್ಮ ಕಿಟಕಿಯ ಮೇಲಿನ ಗುಬ್ಬಿಯನ್ನು ನೋಡುತ್ತಲೇ ಕೂತಿದ್ದಳು. ಎದುರಿಗೆ ಬಂದು ಮಾತಾಡಿದಾಗ ನನ್ನ ಕಣ್ಣು ನೋಡಲಿಲ್ಲ, ತುಟಿ ನೋಡಿದಳು. ನಮ್ಮವರು ಅವಳ ಎಡಗಿವಿಯಲ್ಲಿ ಅರಳೆ ಇಟ್ಟು ತೆಗೆದರೆ ಕೀವು ಬಂತು. "ಈ ಕಿವಿ ಹೋಗೇತಿ. ಆ ಕಿವಿಗೂ ಇಳ್ಯಾಕತ್ತೈತಿ. ಬಿಜಾಪುರದ ದೊಡ್ಡ ದವಾಖಾನಿಗೆ ತೋರಸ್ರಿ," ಎಂದು ಸಂಗವ್ವನಿಗೆ ಹೇಳಿದರು. ಸುಗ್ಗಿ ಮುಗಿಯಲಿ ಎಂದು ಅವಳ ಗಂಡ ಹೇಳಿದನಂತೆ. ಸುಗ್ಗಿ ಮುಗಿದ ಮೇಲೂ ಹೋಗಲಿಲ್ಲ.

ಜನವರಿಯಿಂದ ದಿನಾ ಮಧ್ಯಾಹ್ನ ಒಂದು ತಾಸು ಅವಳನ್ನು ಎದುರಿಗೆ ಕೂರಿಸಿಕೊಂಡು ಕಲಿಸಿದೆ. ಬೆರಳು ಹಿಡಿದು ಜೋಳದ ಹಿಟ್ಟಿನಲ್ಲಿ ತಿದ್ದಿಸಿದೆ. ಮಾರ್ಚ್ ಹೊತ್ತಿಗೆ ತನ್ನ ಹೆಸರನ್ನು ನೋಡದೆ ಬರೆಯುತ್ತಿದ್ದಳು. ಬರೆದು ಪಾಟಿಯನ್ನು ಎದೆಗೆ ಒತ್ತಿಕೊಳ್ಳುತ್ತಿದ್ದಳು, ಅಕ್ಷರ ಅಂಗಿಗೆ ಅಂಟುತ್ತಿತ್ತು. ಅಷ್ಟರಲ್ಲಿ ಕಾಯಂ ಶಿಕ್ಷಕಿ ಮರಳಿದರು, ನಮ್ಮವರಿಗೂ ಬಿಜಾಪುರಕ್ಕೆ ವರ್ಗವಾಯಿತು. ಹೊರಡುವ ದಿನ ಅವಳಿಗೆ ಎರಡು ಪೋಸ್ಟ್‌ಕಾರ್ಡು ಕೊಟ್ಟೆ. ಎರಡರ ಮೇಲೂ ಸಂಗವ್ವನ ಹೆಸರು, ತಿಕೋಟಾದ ವಿಳಾಸ ನಾನೇ ಬರೆದಿದ್ದೆ. ಉಳಿದ ಭಾಗ ಖಾಲಿ. ಅವಳು ತುಟಿ ನೋಡಲೆಂದು ನಿಧಾನವಾಗಿ ಹೇಳಿದೆ: "ಮುಂದ ಇದರಾಗ ನಿಮ್ಮವ್ವಗ ನೀನ ಬರೀಬೇಕು."

ನಾವು ಬಂದ ಮೇಲೆ ಅವಳು ಮತ್ತೆ ಹಿಂದಿನ ಗೋಡೆಗೆ ಹೋಗಿ ಕೂತಳೆಂದೂ ಆಮೇಲೆ ಶಾಲೆ ಬಿಟ್ಟಳೆಂದೂ ಕೇಳಿದೆ. ಮರುವರ್ಷ ಬಬಲೇಶ್ವರದ ಹತ್ತಿರದ ಸಾರವಾಡಕ್ಕೆ ಮದುವೆ ಮಾಡಿ ಕೊಟ್ಟರು.

1949ರ ಮಳೆಗಾಲ. ಬಿಜಾಪುರದಲ್ಲಿ ಈಗ ಗಾಂಧಿ ಚೌಕ ಎನ್ನುವ ಕಡೆ ಕಾಯಿಪಲ್ಲೆ ಕೊಳ್ಳುತ್ತಿದ್ದೆ. ಯಾರೋ ಸೆರಗು ಜಗ್ಗಿದರು. ಸಂಗವ್ವ. ನನ್ನ ಮನೆ ಹುಡುಕಿಕೊಂಡೇ ತಿಕೋಟಾದಿಂದ ಬಂದಿದ್ದಳು. ಕುಪ್ಪಸದೊಳಗಿಂದ ಒಂದು ಪೋಸ್ಟ್‌ಕಾರ್ಡು ತೆಗೆದಳು. ವಿಳಾಸ ನನ್ನದೇ ಕೈಬರಹ.

"ಮಗಳು ಬರದಾಳ್ರಿ. ಊರಾಗ ಯಾರ ಕಡಿಂದೂ ಓದಿಸಿಲ್ಲ. ಕಲಿಸಿದಾವ್ರು ನೀವ, ನೀವ ಓದ್ರಿ."

ತಿರುಗಿಸಿ ನೋಡಿದೆ. ದೊಡ್ಡ ದೊಡ್ಡ ಅಕ್ಷರದಲ್ಲಿ 'ಕಲ್ಲವ್ವ' ಎಂದಿತ್ತು. ಅದರ ಕೆಳಗೆ ಮತ್ತೆ 'ಕಲ್ಲವ್ವ'. ಅದರ ಕೆಳಗೆ ಮತ್ತೊಮ್ಮೆ, ಸಾಲು ಓರೆಯಾಗಿ, ಕೊನೆಯ ಅಕ್ಷರ ಅಂಚಿನ ಹೊರಗೆ ಹೋಗಿ. ಬೇರೇನೂ ಇರಲಿಲ್ಲ.

"ಏನಂತ ಬರದಾಳ್ರಿ? ಛಲೋ ಅದೀನಿ ಅಂತನೋ?"

ಬಾವಿಯ ದಾರಿಯಲ್ಲಿ ಹೇಳಿದಂಥ ಉತ್ತರ ಬಾಯಿಗೆ ಬಂದಿತ್ತು. ಕಾರ್ಡು ಅವಳ ಕೈಗೆ ಕೊಟ್ಟೆ.

"ಬರೇ ಹೆಸರು ಬರದಾಳವ್ವ. ನಾನು ಕಲಿಸಿದ್ದು ಅಷ್ಟ. ಸುಮ್ಮನ ಮೂರು ಸಲ ಬರಿಯೂ ಹುಡಿಗಿ ಅಲ್ಲ ಆಕಿ. ಈಗಿಂದೀಗ ಸಾರವಾಡಕ್ಕ ಹೋಗು."

ಕಾಯಿಪಲ್ಲೆಯ ಚೀಲ ಅಲ್ಲೇ ಬಿಟ್ಟು ಅವಳನ್ನು ಬಸ್ಸಿಗೆ ಹತ್ತಿಸಿದೆ. ಅಲ್ಲಿ ಕಲ್ಲವ್ವ ಎಂಟು ದಿನದಿಂದ ಜ್ವರದಲ್ಲಿ ಬಿದ್ದಿದ್ದಳು. ಕಿವಿಯ ಬಾವು ತಲೆಗೆ ಏರುತ್ತಿತ್ತು. ತಾಯಿ ಬಂಡಿ ಕಟ್ಟಿಸಿ ಬಿಜಾಪುರದ ದೊಡ್ಡ ದವಾಖಾನೆಗೆ ತಂದಳು. ಜೀವ ಉಳಿಯಿತು. ಎರಡೂ ಕಿವಿ ಹೋದವು. ಕೇಳಿಸದ ಸೊಸೆ ಬೇಡವೆಂದು ಗಂಡನ ಮನೆಯವರು ಕರೆದೊಯ್ಯಲು ಬರಲಿಲ್ಲ.

ಒಂಬತ್ತೂವರೆ ತಿಂಗಳ ನೌಕರಿಯಲ್ಲಿ ನಾನು ಕಲಿತದ್ದು ಇದು. ಒಂದು ವರ್ಗ ಎಷ್ಟು ದೊಡ್ಡದಿರಬಹುದು ಎಂದರೆ, ಕೊನೆಯ ಸಾಲಿನ ತುಟಿಗಳು ಶಿಕ್ಷಕಿಗೆ ಕಾಣುವಷ್ಟು. ಟ್ರೇನಿಂಗ್ ಆದವರಿಗೆ ಇದು ಮೊದಲೇ ಗೊತ್ತಿರಬಹುದು. ಓದಲು ಬಾರದ ಆ ಹನ್ನೊಂದು ತಾಯಂದಿರಿಗಂತೂ ಗೊತ್ತಿತ್ತು.

ದವಾಖಾನೆಯಿಂದ ಊರಿಗೆ ಹೊರಟ ದಿನ ಸಂಗವ್ವ ಮಗಳ ಗಂಟಿನಲ್ಲಿದ್ದ ಎರಡನೆಯ ಕಾರ್ಡು ನನ್ನ ಕೈಗೆ ಕೊಟ್ಟಳು. ನಾನು ಬರೆದ ವಿಳಾಸದ ಹೊರತು ಖಾಲಿಯಾಗಿಯೇ ಇತ್ತು, ಮೂಲೆಯಲ್ಲಿ ಅರಿಷಿಣದ ಬೆರಳಿನ ಗುರುತು.

"ಇನ್ನ ಆಕಿ ನನ್ನ ಕೂಡನ ಇರ್ತಾಳ, ಕಾಗದ ಯಾರಿಗೆ ಬರೀತಾಳ್ರಿ," ಎಂದಳು. "ನನ್ನ ಹೆಸರು ಹೊಡದು ಹಾಕಿ ಬ್ಯಾರೆ ಹುಡಿಗಿಗೆ ಕೊಡ್ರಿ."

ನನಗೆ ಬೇರೆ ಹುಡುಗಿಯರು ಇರಲಿಲ್ಲ. ಕಾರ್ಡು ನನ್ನ ಹತ್ತಿರವೇ ಇದೆ.