ಕಲ್ಲುಬಾನಿಯ ಕೆಂಪು

18 ಏಪ್ರಿಲ್ 2004, ಭಾನುವಾರ, ಬೆಳಿಗ್ಗೆ 6.20.

ಟಿ. ನರಸೀಪುರದ ನಮ್ಮ ಮನೆಯ ಕಿಟಕಿಯಲ್ಲಿ ಒಂದು ಉಪ್ಪಿನಕಾಯಿ ಬಾಟಲಿಯಿದೆ. ಸೋಮವಾರ ಟ್ರಂಕಿನ ತಳದಲ್ಲಿ ಸಿಕ್ಕಿತು. ಚೀಟಿಯಲ್ಲಿ ನನ್ನದೇ ಅಕ್ಷರ: ‘ಹೆಡತಲೆ, ಮೇ 1999’. ಆಗ ಒಳಗಿದ್ದದ್ದು ಕುಂಕುಮದಂಥ ಒಂದು ಚಿಟಿಕೆ ಪುಡಿ. ಈ ಕೆಂಪಿನಿಂದಾಗಿ ಎರಡು ಮನೆಯ ಮಾತು ಹತ್ತೊಂಬತ್ತು ದಿನ ನಿಂತಿತ್ತು. ಹತ್ತೊಂಬತ್ತೆಂದರೆ ಹತ್ತೊಂಬತ್ತೇ, ದಿನವೂ ಗೀಟು ಹಾಕಿದ್ದೇನೆ. ದೊಡ್ಡವ್ವನ ಎಮ್ಮೆ ಎಷ್ಟು ಸಲ ಸೀನಿತೆಂದೂ ಬರೆದಿಟ್ಟವಳು ನಾನು.

ಆ ವರ್ಷ ಪಿಯುಸಿ ರಜೆಗೆ ಹೆಡತಲೆಯ ದೊಡ್ಡವ್ವನ ಮನೆಗೆ ಹೋಗಿದ್ದೆ. ದೊಡ್ಡವ್ವ ಮಗಳ ಬಾಣಂತನ ಮುಗಿಸಿ ತಿಂಗಳ ಮೇಲೆ ಮನೆಗೆ ಬಂದು ನೋಡಿದರೆ, ಎಮ್ಮೆ ನೀರು ಕುಡಿಯುವ ಕಲ್ಲುಬಾನಿ ಬತ್ತಿ, ಒಳಗೆಲ್ಲ ಕೆಂಪು ಮೆತ್ತಿಕೊಂಡಿತ್ತು. ಅದೇ ವಾರ ಪಕ್ಕದ ಮನೆಯ ಸಾಕಮ್ಮ ಮೊಮ್ಮಗನಿಗೆ ದೃಷ್ಟಿ ತೆಗೆದಿದ್ದಳು. ಅರಿಸಿನ ಸುಣ್ಣ ಕಲಸಿದ ಆ ಕೆಂಪು ಓಕುಳಿಯನ್ನು ಮೂರು ದಾರಿ ಕೂಡುವ ಕಡೆ ಚೆಲ್ಲಬೇಕು. ಇನ್ನೊಬ್ಬರ ಮನೆಯಲ್ಲಿ ಚೆಲ್ಲಿದರೆ ಕೇಡು ಅವರಿಗೆ ಅಂಟುತ್ತದೆಂದು ನಂಬಿಕೆ.

“ನನ್ ಬಾನಿಗೇ ಉಯ್ದವ್ಳೆ ಕಣಮ್ಮಿ,” ಎಂದಳು ದೊಡ್ಡವ್ವ.

“ಅವ್ಳ ಬಾನಿಗೆ ಉಯ್ಯಾಕೆ ನಂಗೇನು ಬೇರೆ ಕೇಮೆ ಇಲ್ವ?” ಗೋಡೆಯಾಚೆಯಿಂದ ಸಾಕಮ್ಮನ ಉತ್ತರ.

ಮದುವೆಯಾಗಿ ಬಂದಾಗಿನಿಂದ ಸಾಕಮ್ಮನ ಮನೆಯಲ್ಲೇ ಹೆಪ್ಪು ಕೇಳುತ್ತಿದ್ದ ದೊಡ್ಡವ್ವ ಅಂದಿನಿಂದ ಊರ ಆ ತುದಿಗೆ ಹೋಗತೊಡಗಿದಳು. ಬಾನಿಯನ್ನು ಒಡೆಸಿಹಾಕುವುದೆಂದೂ ತೀರ್ಮಾನವಾಯಿತು.

ನಾನು ಹಿಂದಿನ ಬೇಸಿಗೆಯ ಡೈರಿ ತೆಗೆದೆ. ‘ಬಾನಿಯಲ್ಲಿ ಹಸಿರು ಪಾಚಿ’ ಎಂದಿತ್ತು. ಮೂರು ವಾರದ ಮೇಲೆ, ‘ಬಾನಿ ಬತ್ತಿದೆ, ಅಂಚು ಕೆಂಪು’. ಆಗ ಸಾಕಮ್ಮನ ಮೊಮ್ಮಗ ಹುಟ್ಟೇ ಇರಲಿಲ್ಲ.

“ಬರ್ದಿರೋಳು ನೀನೇ ತಾನೆ?” ಎಂದಳು ದೊಡ್ಡವ್ವ. ಅಲ್ಲಿಗೆ ನನ್ನ ಸಾಕ್ಷಿ ಬಿದ್ದುಹೋಯಿತು.

ಹಸಿರೇ ಒಣಗಿ ಕೆಂಪಾಗಿದ್ದರೆ, ನೀರು ಕೊಟ್ಟಾಗ ಮತ್ತೆ ಹಸಿರಾಗಬೇಕಲ್ಲ? ಬಾನಿಯಿಂದ ಕೆರೆದ ಪುಡಿಯನ್ನು ಒಂದು ಬಾಟಲಿಗೆ ಹಾಕಿ ಬಾವಿ ನೀರು ತುಂಬಿದೆ. ಇನ್ನೊಂದರಲ್ಲಿ ಸಾಕಮ್ಮನಿಂದಲೇ ಕಲಸಿಸಿದ ಓಕುಳಿ. ಎರಡನ್ನೂ ನಡುಗೋಡೆಯ ಮೇಲಿಟ್ಟು, ಒಂದು ವಾರ ಬಾನಿ ಒಡೆಸಬಾರದೆಂದು ದೊಡ್ಡವ್ವನಿಂದ ಮಾತು ತೆಗೆದುಕೊಂಡೆ.

ಮೂರನೆಯ ದಿನವೂ ಎರಡೂ ಕೆಂಪು. “ಏನಮ್ಮಿ, ನನ್ನ ಕಳ್ಳಿ ಮಾಡಾಕೆ ಇಟ್ಟಿದ್ದೀಯ?” ಎಂದಳು ಸಾಕಮ್ಮ. ನನಗೆ ಊಟ ಸೇರಲಿಲ್ಲ. ಅದನ್ನೂ ಬರೆದಿಟ್ಟೆ.

ಐದನೆಯ ಬೆಳಿಗ್ಗೆ ಓಕುಳಿ ಮಾಸಿ ಹಳದಿಯಾಗಿ ತಳ ಸೇರಿತ್ತು. ಬಾನಿಯ ಬಾಟಲಿ ಮಾತ್ರ ಎಳೆ ಹುಲ್ಲಿನ ಬಣ್ಣ. ದೊಡ್ಡವ್ವ ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಒಳಗೆ ಹೋಗಿ ಬಟ್ಟಲು ತಂದು ಗೋಡೆಯ ಬಳಿ ನಿಂತಳು.

“ಲೇ ಸಾಕಿ, ಒಂಚೂರು ಹೆಪ್ಪು ಕೊಡೆ.”

“ಓಕುಳಿ ಬೆರ್ಸಿ ಕೊಡ್ಲಾ?”

ಬಟ್ಟಲು ತುಂಬಿ ಬಂತು. ಬಾನಿ ಇವತ್ತಿಗೂ ಅಲ್ಲೇ ಇದೆ.

ಕಾಲೇಜಿನ ಮೇಷ್ಟ್ರು ಆಮೇಲೆ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಅದು ನೀರಿನಲ್ಲಿ ಈಜಾಡುವ, ಬಿಡಿಯಾಗಿ ಬರಿಗಣ್ಣಿಗೆ ಕಾಣದ ಹಸಿರು ಪಾಚಿ. ನೀರು ಬತ್ತಿ ಬಿಸಿಲು ಸುಡತೊಡಗಿದರೆ ಈಜುವುದನ್ನು ಬಿಟ್ಟು, ಗಟ್ಟಿ ಸಿಪ್ಪೆ ಹೊದ್ದು, ಒಳಗೆಲ್ಲ ಕೆಂಪು ತುಂಬಿಕೊಂಡು ಕೂರುತ್ತದಂತೆ. ಆ ಕೆಂಪೇ ಅದರ ಕೊಡೆ.

ಅಂದು ಉಳಿದ ಪುಡಿಯೇ ಈ ಬಾಟಲಿಯದು. ಐದು ವರ್ಷ ಒಣಗಿದ್ದಕ್ಕೆ ಸೋಮವಾರ ನೀರು ಹಾಕಿದೆ. ಐದನೆಯ ದಿನವೂ ಕೆಂಪಾಗಿಯೇ ಇತ್ತು. ‘ಸತ್ತಿದೆ’ ಎಂದು ಬರೆದೆ. ಇವತ್ತು ಏಳನೆಯ ದಿನ. ಎದ್ದು ನೋಡಿದರೆ ನೀರು ಹಸಿರು. ಡೈರಿಯಲ್ಲಿ ಬರೆದ ಸಾಲನ್ನು ನಾನು ಹೊಡೆದುಹಾಕಿದ್ದು ಇದೇ ಮೊದಲು, ಅದೂ ಎರಡು ಗೀಟೆಳೆದು. ಹತ್ತು ಗಂಟೆಯ ಬಸ್ಸಿಗೆ ಬಾಟಲಿ ಹಿಡಿದು ಹೆಡತಲೆಗೆ ಹೊರಡುತ್ತೇನೆ, ಇಬ್ಬರಿಗೂ ತೋರಿಸಬೇಕು.

ಇದು ಹೀಗೆ ಇನ್ನೆಷ್ಟು ವರ್ಷ ಕಾಯಬಲ್ಲದು ಎಂದು ತಿಳಿದವರು ಯಾರಾದರೂ ಇದ್ದರೆ ದಯವಿಟ್ಟು ನನಗೊಂದು ಕಾರ್ಡು ಬರೆಯಿರಿ. ಎಷ್ಟನೆಯ ದಿನ ಹಸಿರಾಯಿತೆಂಬುದನ್ನು ಮರೆಯದೆ ತಿಳಿಸಿ.