ತುಲಾಭಾರದ ಬೆಲ್ಲ

ನಿಮ್ಮ ಅಜ್ಜನನ್ನು ಅವರ ದಪ್ಪ ಮೈಯೇ ಕೊಂದಿತು ಎಂದು ನಮ್ಮವರು ಈಗಲೂ ಹೇಳುತ್ತಾರೆ. ಹಾಗೆ ಹೇಳುವವರಲ್ಲಿ ಮೊದಲಿಗರು ಅಜ್ಜನ ಅಕ್ಕ. ಎದುರಿಗೆ ಉತ್ತರ ಕೊಡುವ ಬಾಯಿ ನನಗೆ ಎಂದೂ ಇರಲಿಲ್ಲ. ಅದಕ್ಕೇ ಮೊಮ್ಮಕ್ಕಳಾದ ನಿಮಗಾಗಿ ಬರೆದಿಡುತ್ತಿದ್ದೇನೆ.

ಅಜ್ಜನ ಹೃದಯ ಸೋತಾಗ ಎದೆಯೊಳಗೆ ಪಂಪು ಕೂರಿಸಿದರು. ಅದರ ವೈರು ಹೊಟ್ಟೆಯಿಂದ ಹೊರಬಂದು ಹೆಗಲ ಚೀಲದ ಬ್ಯಾಟರಿಗೆ ಸೇರುತ್ತಿತ್ತು. ದಪ್ಪಗಿದ್ದವರೂ ಪಂಪಿನ ಮೇಲೆ ಚೆನ್ನಾಗಿ ಬದುಕುತ್ತಾರೆ, ಆದರೆ ವೈರಿನ ಗಾಯಕ್ಕೆ ಕೀವಾಗುವ ಭಯ ಅವರಿಗೆ ಹೆಚ್ಚು ಎಂದರು ಡಾಕ್ಟರು. ತೂಕ ಇಳಿದರೆ ಬದಲಿ ಹೃದಯದ ಪಟ್ಟಿಗೆ ಹೆಸರು ಹಾಕುತ್ತೇವೆ ಎಂದೂ ಹೇಳಿದರು.

ನಾನು ಅನ್ನ ಬಿಡಿಸಿ ರೊಟ್ಟಿ, ಸೊಪ್ಪಿನ ಪಲ್ಯ ಹಾಕತೊಡಗಿದೆ. ನಾಲ್ಕು ತಿಂಗಳಲ್ಲಿ ಅಂಗಿ ಸಡಿಲಾಯಿತು. ಇನ್ನು ಎರಡು ಕಿಲೋ ಇಳಿದಿದ್ದರೆ ಸಾಕಿತ್ತು.

ಆಗ ಸಾಂತಾಕ್ರೂಜಿನಿಂದ ಅಕ್ಕ ಡಬ್ಬಿ ತುಂಬ ಬೇಸನ್ ಉಂಡಿ ತಂದರು. ತಮ್ಮ ಉಳಿದರೆ ಅವನ ತೂಕದಷ್ಟು ಬೆಲ್ಲ ದೇವರಿಗೆ ಕೊಡುವುದಾಗಿ ಆಪರೇಷನ್ ದಿನ ಹರಕೆ ಹೊತ್ತಿದ್ದರಂತೆ.

"ಹರಕಿ ಹೊತ್ತಾಗ ಇದ್ದ ಮೈ ಎಲ್ಲೈತಿ? ದೇವರಿಗೂ ಡಯೆಟ್ ಮಾಡಸ್ತೀಯೇನವಾ?" ಎಂದು ನನ್ನನ್ನು ಕೇಳಿದರು.

"ಡಾಕ್ಟರ್ ಬ್ಯಾಡ ಅಂದಾರ್ರಿ, ಅಕ್ಕಾರ," ಎಂದೆ. ಅಷ್ಟೇ ನನ್ನ ಶೌರ್ಯ.

"ಡಾಕ್ಟರ್ ಏನ್ ದೇವರ ತಕ್ಕಡಿ ಹಿಡದಾನ? ತಿನ್ನು ತಮ್ಮಾ. ತುಲಾಭಾರ ಮುಗೀಲಿ, ಆಮ್ಯಾಲ ಉಪಾಸ ಕೂಡು."

ಅಜ್ಜ ನನ್ನ ಮುಖ ನೋಡಿದರು. ನಾನು ಸೆರಗು ಸರಿಮಾಡಿಕೊಂಡು ಚಹಾ ಇಡಲು ಹೋದೆ. ಆಮೇಲೆ ಎರಡು ತಿಂಗಳು ವಾರಕ್ಕೊಂದು ಡಬ್ಬಿ ಬಂತು.

ದಾದರಿನ ಗುಡಿಯಲ್ಲಿ ಅಜ್ಜ ತಕ್ಕಡಿ ಏರಿದಾಗ ಅಕ್ಕನಿಗೆ ಹೊಸ ಚಿಂತೆ. ಬ್ಯಾಟರಿ ಚೀಲದ ತೂಕಕ್ಕೆ ತಾವೇಕೆ ಬೆಲ್ಲ ಹಾಕಬೇಕು? ಎರಡು ತಿಂಗಳು ದೇವರ ಪಾಲಿಗಾಗಿ ಬಡಿದಾಡಿದವರು ಇವರೇ.

"ಆ ಚೀಲ ಕೆಳಗಿಡು, ತಮ್ಮಾ."

"ಅದನ್ನ ಇಳಿಸಿದ್ರ ನನ್ನನ್ನೂ ಇಳಿಸಬೇಕಾಗ್ತೈತಿ, ಅಕ್ಕಾ."

ಪೂಜಾರಿ ನಕ್ಕರು. ಅಕ್ಕ ನಗಲಿಲ್ಲ.

ಮುಂದಿನ ತಪಾಸಣೆಗೆ ಹೋದಾಗ ಇಳಿದ ತೂಕವೆಲ್ಲ ಮರಳಿತ್ತು. ಪಟ್ಟಿಗೆ ಹೆಸರು ಹತ್ತಲಿಲ್ಲ. ಇಳಿಸಿಕೊಂಡು ಬನ್ನಿ ಎಂದರು. ಅಷ್ಟರಲ್ಲಿ ವೈರಿನ ಗಾಯಕ್ಕೆ ಕೀವಾಯಿತು, ನಂಜು ರಕ್ತಕ್ಕೇರಿತು, ಅಜ್ಜ ಹೋದರು.

ಪ್ರಸಾದವೆಂದು ಮರಳಿ ಬಂದ ಬೆಲ್ಲದ ಅಚ್ಚುಗಳು ಇನ್ನೂ ಮನೆಯಲ್ಲಿದ್ದವು. ಹದಿಮೂರನೆಯ ದಿನ ಅಕ್ಕ ಆ ಬೆಲ್ಲದ್ದೇ ಹೋಳಿಗೆ ಮಾಡಿಸಿದರು. ಪಕ್ಕದ ಎಲೆಯವರಿಗೆ, "ನಾಲಿಗಿ ಹಿಡೀಲಿಲ್ಲರಿ ನಮ್ಮ ತಮ್ಮ, ಏನ್ ಮಾಡೂದು," ಎಂದರು.

ನಾನು ಹೋಳಿಗೆಯ ತಟ್ಟೆ, ತುಪ್ಪದ ಮಿಳ್ಳೆ ಹಿಡಿದು ಅವರ ಮುಂದೆಯೇ ನಿಂತಿದ್ದೆ. ಅವರು ಎಲೆ ಮುಂದೆ ಸರಿಸಿದರು. ಮೂರನೆಯ ಹೋಳಿಗೆ ಬಡಿಸಿದೆ.