ಒಂದು ರಿಂಗಾದರೆ ಕ್ಷೇಮ

ಬೃಂದಾಳಿಗೆ ಮತ್ತೆ ಜ್ವರ ಬಂದು, ಆ ಹೊತ್ತಿಗೆ ನಾವು ಫೋನ್ ಹತ್ತದ ಜಾಗದಲ್ಲಿದ್ದರೆ? ಒಂಬತ್ತು ದಿನದಿಂದ ನನ್ನ ತಲೆಯಲ್ಲಿ ಇದೊಂದೇ ಯೋಚನೆ. ಹಾಲು ಕಾಯಿಸುವಾಗ, ಬಟ್ಟೆ ಹಿಂಡುವಾಗ, ಗಾಡಿ ಗುಂಡಿಗಿಳಿದು ಪಾತ್ರೆಗಳೆಲ್ಲ ಗಲಗಲ ಎಂದಾಗ. ಮಗುವಿನ ಹಣೆ ಮುಟ್ಟುವುದು, ಫೋನಿನಲ್ಲಿ ಸಿಗ್ನಲ್ ಕಡ್ಡಿ ಎಣಿಸುವುದು. ಮತ್ತೆ ಹಣೆ, ಮತ್ತೆ ಕಡ್ಡಿ.

ನಮ್ಮದು ಮನೆಗಾಡಿ. ಹಳೆಯ ಟೆಂಪೋ ಟ್ರಾವೆಲರ್‌ನ ಸೀಟುಗಳನ್ನು ಕಿತ್ತು, ಮಂಚ, ಗ್ಯಾಸ್ ಒಲೆ, ಸಣ್ಣದೊಂದು ಸಿಂಕು ಕೂರಿಸಿ ನನ್ನ ಗಂಡ ಜಯಕುಮಾರ್ ಅದನ್ನು ಪ್ರವಾಸಕ್ಕೆ ಬಾಡಿಗೆ ಕೊಡುತ್ತಾರೆ. ಗಾಡಿ ತೆಗೆದುಕೊಂಡು ಹೋದವರೆಲ್ಲ ಒಂದೇ ದೂರು ತರುತ್ತಿದ್ದರು: ಸುತ್ತುತ್ತಲೇ ಆಫೀಸಿನ ಕೆಲಸ ಮಾಡಬಹುದು ಎಂದಿರಿ, ನೆಟ್ಟೇ ಇಲ್ಲವಲ್ಲ. ಅದಕ್ಕೇ ಮೂರು ಕಂಪನಿಯ ಸಿಮ್ ಹಾಕುವ ರೂಟರ್ ತಂದರು, ಗಾಡಿಯ ತಲೆಯ ಮೇಲೆ ಆಂಟೆನಾ ನಿಲ್ಲಿಸಿದರು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ಸುತ್ತಿ, ಎಲ್ಲಿ ನಿಂತರೆ ನೆಟ್ ಬರುತ್ತದೆ ಎಂದು ನೋಡಿ ಬರಲು ಹೊರಟೆವು. ಜಾಗದ ಹೆಸರು, ನೀರು, ನೆರಳು, ನೆಟ್ಟು, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆಯುವುದು ನನ್ನ ಪಾಲಿನ ಕೆಲಸ. ಅದೇ ಮುಂದೆ ಗಿರಾಕಿಗಳ ಕೈಪಿಡಿಯಾಗಬೇಕಿತ್ತು.

ಮೂರನೆಯ ದಿನ, ಮಾರಿಕಣಿವೆಯ ಹಿನ್ನೀರಿನ ಹತ್ತಿರ, ಬೃಂದಾಳ ಕಣ್ಣು ಮೇಲೆ ಸಿಕ್ಕಿಕೊಂಡಿತು. ಕೈಕಾಲು ಸೆಟೆದು ಅದುರಿದವು. ಎರಡು ವರ್ಷದ ಮಗು. ಫೋನ್ ಒತ್ತಿದೆ, ಒತ್ತಿದೆ, ಯಾರಿಗೂ ಹೋಗಲಿಲ್ಲ. ಎರಡೇ ನಿಮಿಷವಂತೆ ಅದು. ಜಯಕುಮಾರ್ ಹೇಳಿದ ಲೆಕ್ಕ. ಹಿರಿಯೂರಿನ ಡಾಕ್ಟರು, ಜ್ವರಕ್ಕೆ ಬರುವ ಫಿಟ್ಸ್, ಹೆದರಬೇಡಿ ಎಂದರು. ಮತ್ತೆ ಜ್ವರ ಕಂಡರೆ ಫೋನ್ ಮಾಡಲು ನಂಬರ್ ಕೊಟ್ಟರು. ಫಿಟ್ಸ್ ಐದು ನಿಮಿಷ ಮೀರಿದರೆ ಮೂಗಿಗೆ ಹೊಡೆಯಲು ಒಂದು ಸ್ಪ್ರೇ ಬರೆದುಕೊಟ್ಟರು.

ಚಿತ್ರದುರ್ಗದಲ್ಲಿರುವ ಅಮ್ಮನಿಗೆ ನಾನು ಇದನ್ನು ಹೇಳಲಿಲ್ಲ. ಹೊರಡುವ ದಿನವೇ ಅವಳು ಬಾಗಿಲಿಗೆ ಅಡ್ಡ ನಿಂತು, "ಮನೆ ಇದ್ದೂ ಕೂಸನ್ನ ಬೀದೀಲಿ ಮಲಗಿಸ್ತೀರಾ?" ಎಂದು ಕೇಳಿದ್ದಳು. ಈಗ ಹೇಳಿದರೆ ಆ ಮಾತನ್ನು ಜೀವಮಾನವೆಲ್ಲ ಕೇಳಬೇಕು. ಹಾಗಾಗಿ ಸಂಜೆಯಾದರೆ ವಾಟ್ಸಾಪಿನಲ್ಲಿ ಒಂದು ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದೆ. ಅಲ್ಲಿಂದಲೂ ಒಂದು ಹೆಬ್ಬೆರಳು ಬರುತ್ತಿತ್ತು. ಫಿಟ್ಸ್ ಬಂದ ದಿನವೂ ಹಿರಿಯೂರಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಹೆಬ್ಬೆರಳು ಕಳಿಸಿದ್ದೇನೆ.

ಹನ್ನೆರಡನೆಯ ದಿನ ಜಂಪಣ್ಣನ ಗುಡ್ಡಕ್ಕೆ ಹೋದೆವು.

ಹೊಸದುರ್ಗ ಬಿಟ್ಟು ಹೊಳಲ್ಕೆರೆ ಕಡೆಗೆ ಬರುವಾಗ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳಿವೆ. ಅಲ್ಲಿಯವರು ಫ್ಯಾನು ಎನ್ನುತ್ತಾರೆ. ಜಂಪಣ್ಣ ಅಂಥ ಎರಡು ಫ್ಯಾನುಗಳ ಕಾವಲುಗಾರ. ಅರವತ್ತರ ಹತ್ತಿರದ ವಯಸ್ಸು, ಮಾಸಿದ ಖಾಕಿ ಅಂಗಿ, ಕೆಳಗೆ ಪಂಚೆ. ಕೈಯಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಬಟನ್ ಫೋನು. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕಿಟಕಿಯಿಂದ ಒಲೆ ನೋಡಿ, ಮಂಚ ನೋಡಿ, "ಏನಪ್ಪ, ಎಲ್ಲೂ ಬಾಡಿಗೆ ಮನೆ ಸಿಗ್ಲಿಲ್ವಾ?" ಎಂದು ಕೇಳಿದ.

"ನಿಮ್ ಫ್ಯಾನ್ ಕೆಳಗೆ ಗಾಳಿ ತಗಳಾಣ ಅಂತ ಬಂದ್ವಿ, ಯಜಮಾನ್ರೆ," ಎಂದರು ಜಯಕುಮಾರ್.

"ತಗಳ್ರಿ, ತಗಳ್ರಿ. ಗಾಳಿಗೇನೂ ಬರ ಇಲ್ಲ. ಕರೆಂಟ್ ಮಾತ್ರ ಕೇಳಬ್ಯಾಡ್ರಿ. ಫ್ಯಾನ್ ತಿರುಗೋದು ಇಲ್ಲಿ, ದೀಪ ಉರಿಯೋದು ಇನ್ನೆಲ್ಲೋ. ನನ್ ಶೆಡ್ಡಿಗೆ ಇವತ್ತಿಗೂ ಬ್ಯಾಟ್ರೀನೇ ಗತಿ."

ಎರಡು ದಿನ ಅಲ್ಲೇ ನಿಂತೆವು. ಬೃಂದಾಳಿಗೆ ಅವನು ಕಾರೆಹಣ್ಣು ತಂದುಕೊಟ್ಟ. ನಾನು ತೊಳೆದೆ, ಒರೆಸಿದೆ, ಮತ್ತೆ ತೊಳೆದೆ. "ತೊಳ್ದು ತೊಳ್ದು ಸಿಪ್ಪೆ ಕಿತ್ತೋಯ್ತು, ಇನ್ನಾದ್ರೂ ಕೊಡವ್ವ," ಎಂದು ನಕ್ಕ. ಮಾತುಮಾತಿನಲ್ಲಿ ಅವನ ಕಥೆ ತುಂಡುತುಂಡಾಗಿ ಹೊರಗೆ ಬಂತು. ಅವನ ತಂದೆ ಹರಿಯಬ್ಬೆ ಕಡೆಯಿಂದ ಕುರಿ ಹೊಡೆದುಕೊಂಡು ಬಂದು ಇಲ್ಲೇ ನಿಂತವನು. ಜಂಪಣ್ಣ ಮೂವತ್ತು ವರ್ಷ ಇದೇ ಗುಡ್ಡದ ಮೇಲೆ ಕುರಿ ಮೇಯಿಸಿದ. ಫ್ಯಾನು ಬಂದವು, ಬೇಲಿ ಬಂತು. ಬೇಲಿಯೊಳಗೆ ಕುರಿ ಬಿಡದಂತೆ ನೋಡಿಕೊಳ್ಳಲು ಅವನನ್ನೇ ಕಾವಲಿಗೆ ಇಟ್ಟರು. ಮೊದಲ ದಿನ ಅವನು ಓಡಿಸಿದ್ದು ಸ್ವಂತ ತಮ್ಮನ ಕುರಿಗಳನ್ನು. ಹೆಂಡತಿ ಗಂಗಕ್ಕ, ಮಗಳು ಏಳನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡಳು. ಮಗಳು ಪಲ್ಲವಿಗೆ ಬೆಳಿಗ್ಗೆ ಜಡೆ ಹೆಣೆದು ಸ್ಕೂಲಿಗೆ ಕಳಿಸಿದ್ದು ಇವನೇ. "ಉಣ್ಣೆ ಹಗ್ಗ ಹೊಸೆದ ಕೈ, ಜಡೆ ಏನ್ ಮಹಾ," ಎಂದ. ಆ ಮಗಳು ಈಗ ಹೊಳಲ್ಕೆರೆಯಲ್ಲಿದ್ದಾಳೆ, ಅಳಿಯ ವಿನೋದ್ ಲಾರಿ ಓಡಿಸುತ್ತಾನೆ ಎಂದಷ್ಟೇ ಹೇಳಿ, ಬೀಡಿ ಹಚ್ಚಿ ಎದ್ದುಹೋದ.

ಎರಡನೆಯ ದಿನ ಸಂಜೆ ಐದಕ್ಕೆ ಬೃಂದಾಳ ಹಣೆ ಬಿಸಿಯಾಯಿತು. ಥರ್ಮಾಮೀಟರ್ ನೂರ ಒಂದು ತೋರಿಸಿತು. ಸಿರಪ್ ಕುಡಿಸಿದೆ, ಒದ್ದೆ ಬಟ್ಟೆಯಿಂದ ಮೈ ಒರೆಸಿದೆ. ರೂಟರಿನಲ್ಲಿ ಹಸಿರು ದೀಪ ಉರಿಯುತ್ತಿತ್ತು. ಡಾಕ್ಟರಿಗೆ ಕಳಿಸಿದ ಮೆಸೇಜಿನ ಪಕ್ಕದಲ್ಲಿ ಮಾತ್ರ ಗಡಿಯಾರದ ಗುರುತು ಹಾಗೇ ನಿಂತಿತ್ತು. ಫೋನ್ ಮಾಡಿದರೆ ಅರ್ಧಕ್ಕೇ ನಿಶ್ಶಬ್ದ.

"ರೀ, ಹೋಗೋಣ ನಡೀರಿ. ಹೊಳಲ್ಕೆರೆಗೆ ಹೋಗಿಬಿಡೋಣ."

"ನೂರ ಒಂದಕ್ಕೆಲ್ಲ ಆಸ್ಪತ್ರೆಗೆ ಓಡ್ತಾರಾ, ಅನು? ಮೊದ್ಲು ಡಾಕ್ಟರನ್ನ ಕೇಳಾಣ." ಜಯಕುಮಾರ್ ಗಾಡಿಯ ತಲೆಯ ಮೇಲೆ ಹತ್ತಿದ್ದರು, ಆಂಟೆನಾವನ್ನು ಹೊಸದುರ್ಗದ ಕಡೆ ತಿರುಗಿಸುತ್ತಾರೆ, ಹೊಳಲ್ಕೆರೆ ಕಡೆ ತಿರುಗಿಸುತ್ತಾರೆ. "ಐದೇ ನಿಮಿಷ. ಮೂರು ಸಿಮ್ ಐತೆ, ಒಂದಾದ್ರೂ ಹಿಡೀತದೆ."

"ಆ ಐದು ನಿಮಿಷ ಮುಗಿದು ಅರ್ಧ ಗಂಟೆ ಆಯ್ತು."

"ದೀಪ ಹಸಿರು ಐತೋ ಇಲ್ವೋ?"

"ಐತೆ."

"ಮತ್ತೆ?"

ಆ ದೀಪವನ್ನು ಕಿತ್ತೆಸೆಯಬೇಕು ಎನಿಸಿತು. ಅದು ಹೇಳುತ್ತಿದ್ದುದು ರೂಟರಿಗೂ ನನ್ನ ಫೋನಿಗೂ ಸಂಪರ್ಕ ಇದೆ ಎಂದಷ್ಟೇ. ಗಾಡಿಯೊಳಗೆ ನಾವು ನಾವೇ ಚೆನ್ನಾಗಿದ್ದೇವೆ ಎಂದು.

ನನ್ನ ದನಿ ಏರಿದ್ದು ಕೇಳಿ ಜಂಪಣ್ಣ ಶೆಡ್ಡಿನಿಂದ ಬಂದ. ಮಗುವಿನ ಮುಖ ನೋಡಿದ. "ಬರ್ರಿ ತಾಯಿ, ಫೋನ್ ಬಂಡೆಗೆ ಹೋಗಾಣ. ಹತ್ತಿದ್ರೆ ಅಲ್ಲೇ ಹತ್ಬೇಕು."

ಬೃಂದಾಳನ್ನು ಸೊಂಟದ ಮೇಲಿಟ್ಟುಕೊಂಡು ಅವನ ಹಿಂದೆ ಹತ್ತಿದೆ. ಗುಡ್ಡದ ತುದಿಯಲ್ಲಿ ಚಪ್ಪಟೆ ಬಂಡೆ. ಅದರ ಮೇಲೆ ಸುಣ್ಣದಲ್ಲಿ ಬರೆದ ಎರಡು ಪಾದಗಳು, ಹೊಳಲ್ಕೆರೆ ಕಡೆ ಮುಖ ಮಾಡಿ. "ಅದ್ರಾಗೆ ಕಾಲಿಟ್ಟು ನಿಂತ್ಕಳ್ರಿ. ಒಂದ್ ಹೆಜ್ಜೆ ಆಕಡೆ ಈಕಡೆ ಆದ್ರೂ ಹೋಯ್ತು."

ನಿಂತೆ. ಡಾಕ್ಟರಿಗೆ ಹೋಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಒಂದು ಸಲ ರಿಂಗಾಗಿ ತಾನೇ ಕಟ್ಟಾಯಿತು.

ಆಗ ಆರು ಗಂಟೆ. ಜಂಪಣ್ಣನ ಅಂಗಿಯ ಜೇಬಿನಲ್ಲಿ ಫೋನು ಒಂದೇ ಒಂದು ಸಲ ರಿಂಗಾಗಿ ನಿಂತಿತು. ಅವನು ಅದನ್ನು ತೆಗೆದು ನೋಡಿದ, ಎತ್ತಿ ಮಾತಾಡಲು ಹೋಗಲಿಲ್ಲ. "ತಾಯಿ, ಒಂದ್ನಿಮಿಷ ಜಾಗ ಕೊಡ್ರಿ," ಎಂದು ಸುಣ್ಣದ ಪಾದಗಳಲ್ಲಿ ತಾನು ನಿಂತು ಬೇರೆ ಯಾರಿಗೋ ಫೋನ್ ಹಚ್ಚಿದ. ಅವನ ಫೋನಿನ ಕಿವಿ ಹಾಳಾಗಿದೆ, ಸ್ಪೀಕರಿನಲ್ಲೇ ಮಾತು.

"ತಿಪ್ಪೇರುದ್ರಣ್ಣ, ಒಂಚೂರು ಇಣುಕಿ ನೋಡ್ರಿ."

"ಲೇ ಜಂಪ, ಅಂಗಡಿ ಬಿಟ್ಟು ದಿನಾ ನಿನ್ ಮಗಳ ಮನೆ ಇಣುಕಿದ್ರೆ ನನ್ ಹೆಂಡ್ತಿ ಸುಮ್ನೆ ಬಿಡ್ತಾಳೇನೋ?" ಆ ಕಡೆಯ ದನಿ ಬೈಯುತ್ತಲೇ ಎದ್ದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ, "ಹೊಸಿಲ ತಾವ ನಿಂತವ್ಳೆ. ಹೂವು ಕೊಳ್ತವ್ಳೆ. ಚೆನ್ನಾಗವ್ಳೆ ಕಣೋ, ಹೋಗು."

ಜಂಪಣ್ಣ ಉಸಿರು ಬಿಟ್ಟು ಪಾದಗಳಿಂದ ಕೆಳಗಿಳಿದ.

"ಆಗ ರಿಂಗಾಗಿದ್ದು ಮಗಳ ಫೋನೇ ಅಲ್ವಾ, ಎತ್ತಬಾರದಿತ್ತಾ?" ಡಾಕ್ಟರ ನಂಬರ್ ಮತ್ತೆ ಒತ್ತುತ್ತ ಕೇಳಿದೆ.

ಅವನು ಬಂಡೆಯಂಚಿಗೆ ಕುಕ್ಕರಗಾಲಲ್ಲಿ ಕೂತ. ಪಲ್ಲವಿ ಕಾಲೇಜಿಗೆಂದು ಚಿತ್ರದುರ್ಗದ ಹಾಸ್ಟೆಲ್ ಸೇರಿದಾಗ ಮಾಡಿಕೊಂಡ ಕಟ್ಟಳೆ ಅದು: ದಿನಾ ಆರಕ್ಕೆ ಒಂದು ರಿಂಗ್ ಕೊಟ್ಟು ಕಟ್ ಮಾಡಿದರೆ ಕ್ಷೇಮ. ಪೂರ್ತಿ ರಿಂಗಾದರೆ ಏನೋ ಕಷ್ಟ. ಆಗ ಕರೆನ್ಸಿ ಉಳಿಸಲು ಮಾಡಿದ್ದು. ಮಾತು ಬಿಟ್ಟಿಯಾದ ಮೇಲೂ ಬಿಡಲಿಲ್ಲ. "ಮಾತಾಡಿದ್ರೆ ಅವ್ಳೂ ಅಳ್ತಾಳೆ, ನಂಗೂ ಅಳು. ರಿಂಗಾದ್ರೆ ಸಾಕಿತ್ತು, ತಾಯಿ."

ಹೋದ ಆಷಾಢ. ಪಲ್ಲವಿಗೆ ಎಂಟು ತಿಂಗಳು. ವಿನೋದ್ ಲಾರಿ ತೆಗೆದುಕೊಂಡು ದೂರ ಹೋಗಿದ್ದ. ಆರು ಗಂಟೆಗೆ ಒಂದು ರಿಂಗಾಗಿ ನಿಂತಿತು. ಜಂಪಣ್ಣ ಮಗಳು ಕ್ಷೇಮ ಎಂದುಕೊಂಡು ಬಂಡೆಯಿಂದಿಳಿದು, ಶೆಡ್ಡಿಗೆ ಬಂದು ಟೀ ಕಾಯಿಸಿ ಕುಡಿದ.

"ಅವ್ಳು ಕಟ್ ಮಾಡಿರ್ಲಿಲ್ಲ. ಟವರ್ ಕಟ್ ಮಾಡ್ತು. ಬಚ್ಚಲಾಗೆ ಜಾರಿ ಬಿದ್ದಿದ್ಲು. ರಕ್ತ ಹೋಗ್ತಿತ್ತು."

"ಆಂಬುಲೆನ್ಸಿಗೆ ಮಾಡಬೇಕಿತ್ತಲ್ಲ?"

"ಮಾಡಿದ್ಲು. ತಕ್ಷಣ ಬಂತು. ಆದ್ರೆ ಅದಕ್ಕೆ ಮುಂಚೆ ಅರ್ಧ ಗಂಟೆ ನಂಗೇ ಹಚ್ತಾ ಕುಂತಿದ್ಲು. ಏನಾದ್ರೂ ಮೊದ್ಲು ಅಪ್ಪಂಗೆ ಹೇಳು, ಬೈಕ್ನಾಗೆ ಬಂದುಬಿಡ್ತೀನಿ ಅಂತ ನಾನೇ ಹೇಳಿದ್ದೆ. ಹದಿಮೂರು ಸಲ ಹಚ್ಯಾಳೆ. ನಾನು ಶೆಡ್ನಾಗೆ ಟೀ ಕುಡೀತಿದ್ದೆ." ಅವನು ಅಂಗೈಯಿಂದ ಬಂಡೆಯ ಮೇಲಿನ ಧೂಳು ಒರೆಸಿದ. "ಮಗಳೊಬ್ಳೇ ಉಳಿದ್ಲು. ಗಂಡು ಕೂಸಿತ್ತು."

ಮೇಲೆ ಫ್ಯಾನಿನ ರೆಕ್ಕೆ ಸುಯ್ ಸುಯ್ ಎನ್ನುತ್ತಿತ್ತು. ನಾಲ್ಕು ತಿಂಗಳು ಮಗಳಿಂದ ರಿಂಗು ಬರಲಿಲ್ಲವಂತೆ. ದೀಪಾವಳಿಯ ಪಾಡ್ಯದ ದಿನ ಆರಕ್ಕೆ ಸರಿಯಾಗಿ ಒಂದು ರಿಂಗು ಬಂತು. ಅಂದಿನಿಂದ ದಿನಾ ಬರುತ್ತದೆ. ಅವಳು ಕಟ್ ಮಾಡುವುದೋ ಟವರು ಕಟ್ ಮಾಡುವುದೋ ಗೊತ್ತಿಲ್ಲ. ಅದಕ್ಕೇ ಅವಳ ಮನೆಯೆದುರಿನ ಅಂಗಡಿಯ ತಿಪ್ಪೇರುದ್ರಪ್ಪನಿಗೆ ಹೇಳಿ ದಿನಾ ನೋಡಿಸುತ್ತಾನೆ. ತಿರುಗಿ ಅವಳಿಗೇ ಫೋನ್ ಮಾಡುವ ಧೈರ್ಯ ಮಾತ್ರ ಬಂದಿಲ್ಲ. "ಏನಂತ ಮಾತಾಡ್ಲಿ?" ಎಂದ.

ನನ್ನ ಕೈ ಮತ್ತೆ ಡಾಕ್ಟರ ನಂಬರಿಗೇ ಹೋಗುತ್ತಿತ್ತು. ಎಂಟನೆಯದೋ ಒಂಬತ್ತನೆಯದೋ. ಹೆಗಲ ಮೇಲೆ ಬೃಂದಾಳ ಕೆನ್ನೆ ಮೊದಲಿಗಿಂತ ಬಿಸಿ.

ಜಂಪಣ್ಣ ನನ್ನ ಕೈಯನ್ನೇ ನೋಡುತ್ತಿದ್ದ. "ತಾಯಿ, ನಿಮ್ಗೆ ಗಾಡಿ ಐತೆ. ನಾಕು ಚಕ್ರ ಐತೆ. ಮನೇನೇ ಕಟ್ಕಂಡು ಬಂದೀರಿ. ಆ ಫೋನ್ ಯಾಕೆ ಕಾಯ್ತೀರಿ?"

ಒಂದು ಗಂಟೆ ಆಗಿತ್ತು. ಒಂದು ಗಂಟೆ ನಾವು ಮೂವರು ದೊಡ್ಡವರು, ಡೀಸೆಲ್ ತುಂಬಿದ ಗಾಡಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಸಿಗ್ನಲ್ಲಿಗೆ ಕಾದಿದ್ದೆವು.

"ರೀ, ಇಳೀರಿ ಕೆಳಗೆ! ಗಾಡಿ ತಿರುಗಿಸಿ!" ನನ್ನ ಕೂಗು ಗಾಳಿಯಲ್ಲಿ ಎಷ್ಟು ಮುಟ್ಟಿತೋ. ಜಂಪಣ್ಣ ಕಾವಲಿನ ಸೀಟಿ ಊದಿ, ಕೈ ಬೀಸುತ್ತ ಇಳಿಜಾರಿನಲ್ಲಿ ಓಡಿದ. ಜಯಕುಮಾರ್ ಆಂಟೆನಾ ಬಿಟ್ಟು ಧುಮುಕಿದ್ದು ಕಾಣಿಸಿತು. ಎಂಜಿನ್ ಸದ್ದು ಕೇಳಿತು.

ಗಾಡಿ ಬಂಡೆಯ ಬುಡಕ್ಕೆ ಬರುವಷ್ಟು ಹೊತ್ತಿತ್ತು. ನೋಟ್‌ಬುಕ್ಕಿನಲ್ಲಿ ಈ ಜಾಗಕ್ಕೆ ನಿನ್ನೆಯೇ "ನೆಟ್: ಪರವಾಗಿಲ್ಲ" ಎಂದು ಬರೆದಿದ್ದೆ. ಅಮ್ಮನಿಗೂ ನಿನ್ನೆ ಹೆಬ್ಬೆರಳು ಕಳಿಸಿದ್ದೆ. ಇವತ್ತು ಅದು ಹೋಗದಿದ್ದರೆ ನೆಟ್ ಇಲ್ಲವೇನೋ ಎಂದುಕೊಳ್ಳುತ್ತಾಳೆ. ಹೋದರೆ ಚೆನ್ನಾಗಿದ್ದಾರೆ ಎಂದುಕೊಂಡು, ಟೀ ಕಾಯಿಸಿಕೊಂಡು ಕುಡಿಯುತ್ತಾಳೆ.

ಸುಣ್ಣದ ಪಾದಗಳೊಳಗೆ ಕಾಲನ್ನು ಸರಿಯಾಗಿ ಇಟ್ಟುಕೊಂಡೆ. ಅಮ್ಮನ ಹೆಸರು ಒತ್ತಿದೆ.

ಒಂದು ರಿಂಗ್. ಕಟ್ ಮಾಡಿಬಿಡು, ಆಸ್ಪತ್ರೆ ಮುಟ್ಟಿದ ಮೇಲೆ ನಿಧಾನಕ್ಕೆ ಹೇಳಿದರಾಯಿತು ಎಂದಿತು ಮನಸ್ಸು. ಎರಡು. ಮೂರು.

"ಏನೇ ಅನು? ನೀನಾಗೇ ಫೋನ್ ಮಾಡ್ತಿದ್ದೀಯಲ್ಲ! ಏನಾಯ್ತು?"

"ಅಮ್ಮ, ಯಾವಾಗ ಬೇಕಾದ್ರೂ ಕಟ್ಟಾಗಬಹುದು. ಮೊದಲು ಇದನ್ನ ಕೇಳಿಸ್ಕೋ," ಎಂದೆ. "ನಾವು ಚೆನ್ನಾಗಿಲ್ಲ."